ಐದನೇ ಗುಳಿಗೆ ಮತ್ತು ರೆಹಾನಾ ಕೇಳಿದ ಮಾತು

ಅರವತ್ತೊಂದರ ಹೆಂಗಸು ಮೆಡಿಕಲ್ ಶಾಪಿನಲ್ಲಿ ಗರ್ಭ ತಡೆಯುವ ಗುಳಿಗೆ ಕೇಳಿದರೆ ಯಾರಿಗಾದರೂ ಅನುಮಾನ ಬಂದೀತೇ? ಬರುವುದಿಲ್ಲ. ನನ್ನ ಬಿಳಿಗೂದಲ ಮೇಲೆ ಇಬ್ರಾಹಿಂಪುರಕ್ಕೆ ಅಷ್ಟು ನಂಬಿಕೆ!

ಪಕ್ಕದ ಮನೆಯ ಸೊಸೆ ಗೀತಾಗೆ ಬೇಕಾದದ್ದು ಅದೇ. ಘೋಣಸಗಿಯ ಹುಡುಗಿ, ಒಂದೂವರೆ ವರ್ಷದ ಮಗಳ ತಾಯಿ, ಬಿ.ಎಡ್. ಕೊನೆಯ ವರ್ಷ. ಗಂಡನಿಗೆ ಸೊಲ್ಲಾಪುರದಲ್ಲಿ ಕೆಲಸ. ಶನಿವಾರ ಬಂದು ಸೋಮವಾರ ನಸುಕಿಗೇ ಬಸ್ಸು ಹತ್ತುತ್ತಾನೆ. (ಅವನೇ ತರಬಾರದೇ ಅಂದಿರಾ? ಅವನಿಗೆ ಆ ಯೋಚನೆಯೇ ಬಂದಿರಲಿಲ್ಲ.) ಗೀತಾಳೇ ಹೋಗೋಣವೆಂದರೆ ಶಾಪಿನ ಕಟ್ಟೆಯ ಮೇಲೆ ಮಾವನ ಗೆಳೆಯರ ಹರಟೆ.

“ಅಕ್ಕೋರ, ನೀವ ತಂದ ಕೊಡ್ರಿ. ನನಗ ನಾಚಿಕಿ ಬರ್ತೈತಿ” ಎಂದಳು.

ನಾನು ರಿಟೈರ್ ಆದ ಕನ್ನಡ ಶಾಲೆ ಟೀಚರ್. ಹೆಣ್ಣುಮಗಳ ಕಷ್ಟಕ್ಕೆ ಆಗದಿದ್ದರೆ ಹೇಗೆ? ಒಂದೂವರೆ ತಿಂಗಳಲ್ಲಿ ನಾಲ್ಕು ಸೋಮವಾರ ಕೊತ್ತಂಬರಿ ಸಿವುಡಿನ ಕೆಳಗಿಟ್ಟು ತಂದುಕೊಟ್ಟೆ. ಎಷ್ಟು ಮುಂದುವರಿದ ಹೆಂಗಸಪ್ಪಾ ನಾನು ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಐದನೇ ಸಲ, ಗುಳಿಗೆ ಕೊಡುವ ಮೊದಲು ಶಾಪಿನ ರೆಹಾನಾ ನನ್ನನ್ನು ಪಕ್ಕಕ್ಕೆ ಕರೆದಳು.

“ಇವೆಲ್ಲಾ ಒಬ್ಬಾಕಿಗೇ ಏನ್ರಿ, ಅಕ್ಕೋರ?”

“ನಿನಗ್ಯಾಕವಾ ಊರ ಉಸಾಬರಿ?” ರೇಗಿಬಿಟ್ಟೆ.

ಆಕೆ ದನಿ ಏರಿಸಲಿಲ್ಲ. “ಔಷಧದ್ದ ಓದೇನ್ರಿ, ಅದಕ್ಕ ಕೇಳಾಕತ್ತೇನಿ. ಇದು ತುರ್ತಿಗೆ ಅಂತ ಇರೂ ಗುಳಗಿ, ವಾರಾವಾರಾ ತಿನ್ನೂದಲ್ಲ. ಇದನ್ನ ನಂಬಿ ಕುಂತ್ರ ಬಸಿರು ನಿಂತರೂ ನಿಂತೀತು. ಆಕಿ ಮುಟ್ಟು ಟೈಮಿಗೆ ಆಗೇತೇನು ಕೇಳ್ರಿ ಮೊದಲ.”

ಕೇಳಿದೆ. ಗೀತಾ ಗೊಳೋ ಎಂದು ಅತ್ತಳು. ಹನ್ನೆರಡು ದಿನ ಮೇಲಾಗಿತ್ತು.

“ಬಸಿರಾದ್ರ ಈ ವರ್ಷದ ಪರೀಕ್ಷಾ ಹೋತ್ರಿ. ಇಲ್ಲಾಂದ್ರ ಗುಳಗಿ ತಿಂದು ತಿಂದು ಗರ್ಭಚೀಲಾನ ಕೆಟ್ಟೈತೋ ಏನೋ!”

ಎರಡೆರಡು ಭಯ ಹೊತ್ತು ಈ ಹುಡುಗಿ ಇಷ್ಟು ದಿನ ನನ್ನೆದುರು ನಗುತ್ತ ಓಡಾಡಿದ್ದಳು. ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನವೇ ಸರಕಾರಿ ಆಸ್ಪತ್ರೆ. ಟೆಸ್ಟ್ ಆಯಿತು. ಬಸಿರಿಲ್ಲ! ಡಾಕ್ಟರಮ್ಮ ಬೈಯಲಿಲ್ಲ, ಪುಣ್ಯಾತ್ಗಿತ್ತಿ. “ಗರ್ಭಚೀಲಕ್ಕ ಏನೂ ಆಗಿಲ್ಲವಾ. ಮುಂದ ಮಕ್ಕಳಾಗಾಕೂ ಅಡ್ಡಿ ಇಲ್ಲ. ಪದೇಪದೇ ತಗೊಂಡ್ರ ಮುಟ್ಟು ಹಿಂದ ಮುಂದ ಆಗ್ತೈತಿ, ಅಷ್ಟ. ಆದ್ರ ದಿನಾ ತಗೊಳ್ಳೂ ಗುಳಗಿ, ಇಂಜೆಕ್ಷನ್, ಕಾಪರ್-ಟಿಗೆ ಇರೂವಷ್ಟು ಭರವಸಿ ಇದಕ್ಕಿಲ್ಲ. ಗಂಡನ್ನೂ ಕರ್ಕೊಂಡ ಬಾ, ಅವಗೂ ಹೇಳ್ತೀನಿ.”

ಬಂದ, ತಲೆ ತಗ್ಗಿಸಿಕೊಂಡು. ಗೀತಾ ಕಾಪರ್-ಟಿ ಹಾಕಿಸಿಕೊಂಡಳು. ಪರೀಕ್ಷೆಯನ್ನೂ ಬರೆದಳು.

ನಾನು ಶೇಂಗಾ ಹೋಳಿಗೆ ಕಟ್ಟಿಕೊಂಡು ರೆಹಾನಾಳ ಹತ್ತಿರ ಹೋದೆ. “ಸಿಟ್ಟು ಇಳೀತೇನ್ರಿ, ಅಕ್ಕೋರ?” ಎಂದು ನಕ್ಕಳು. ಥ್ಯಾಂಕ್ಸ್ ಅನ್ನುವಷ್ಟರಲ್ಲಿ ನನ್ನ ಕಣ್ಣು ತುಂಬಿತು. ಬೈಸಿಕೊಂಡೂ ಬಿಡದೆ ಕೇಳಿದಳಲ್ಲ, ಆ ತಾಯಿ ನೂರು ಕಾಲ ಬಾಳಲಿ.

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಸಂಬಳ ತಿಂದ ನನಗೆ, “ಯಾಕವಾ ಇಷ್ಟು ಸಲ?” ಎಂದು ಗೀತಾಳನ್ನು ಒಮ್ಮೆ ಕೇಳಲು ಏನು ಧಾಡಿಯಾಗಿತ್ತು?