ಪಿಯಾನೊಗೆ ಇಟ್ಟ ನೀರು

ಉಣ್ಣೆ, ಹಳೆಯ ಮರ, ಕಬ್ಬಿಣ, ಇವೆಲ್ಲದರ ಮೇಲೆ ತೆಳುವಾಗಿ ಕರ್ಪೂರ. ನಮ್ಮ ಪಿಯಾನೊದ ಹೊಟ್ಟೆಯೊಳಗಿನ ವಾಸನೆ ಅಂದರೆ ಇದು. ಕಳೆದ ಆಯುಧಪೂಜೆಯ ಬೆಳಿಗ್ಗೆ ಈ ವಾಸನೆ ಮೂಗಿಗೆ ಬಂದಾಗ ನಾನು ವೈಟ್‌ಫೀಲ್ಡಿನಲ್ಲಿ, ಅಣ್ಣ ಇರುವ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ, ಹೋಳಿಗೆ ಡಬ್ಬಿ ಹಿಡಿದುಕೊಂಡು ಲಿಫ್ಟಿಗೆ ಕಾಯುತ್ತಿದ್ದೆ. ಆ ಕಟ್ಟಡಕ್ಕೆ ಕಾಲಿಡುವುದಿಲ್ಲ ಎಂದು ಗೃಹಪ್ರವೇಶಕ್ಕೂ ಹೋಗದೆ ಹಟ ಹಿಡಿದಿದ್ದವಳು, ಅತ್ತಿಗೆ ಕಣ್ಣೀರು ಹಾಕಿಕೊಂಡು ಕರೆದರೆಂದು ಬಂದಿದ್ದೆ. ತಿರುಗಿ ನೋಡಿದರೆ, ಕೆಂಪು ಹಗ್ಗದ ಬೇಲಿಯೊಳಗೆ, ಮೇಲಿಂದ ಬೀಳುವ ದೀಪದ ಕೆಳಗೆ ಅದು ನಿಂತಿತ್ತು. ದೊಡ್ಡ ಮುಚ್ಚಳ ಎತ್ತಿ ಕೋಲು ಕೊಟ್ಟಿದ್ದರು. ಒಳಗಿನಿಂದ ಪಿಯಾನೊ ಸಂಗೀತವೇ ಬರುತ್ತಿತ್ತು, ಆದರೆ ಮುಂದೆ ಯಾರೂ ಕೂತಿರಲಿಲ್ಲ. ಬಗ್ಗಿ ನೋಡಿದೆ. ತಂತಿಗಳ ಮೇಲೆ ಒಂದು ಕರೀ ಸ್ಪೀಕರ್ ಮಲಗಿಸಿದ್ದರು. ಅಯ್ಯೋ ನಿಮ್ಮ ಮನೆ ಹಾಳಾಗ ಎಂದು ಬಾಯಿಗೆ ಬಂತು. ಬದುಕಿರುವ ವಾದ್ಯದ ಎದೆಯ ಮೇಲೆ ಕಲ್ಲು ಹೇರಿ, ಬೇರೆ ಯಾರೋ ನುಡಿಸಿದ್ದನ್ನು ಅದರ ಬಾಯಿಂದ ಆಡಿಸುತ್ತಿದ್ದರು. ಪಕ್ಕದಲ್ಲೊಂದು ಹೊಳೆಯುವ ಫಲಕ ಬೇರೆ: ಬ್ರಿಟಿಷರ ಕಾಲದ ಪಿಯಾನೊ, ಮುಟ್ಟಬೇಡಿ. ಅದರಲ್ಲಿ ನಮ್ಮ ಅಜ್ಜಿಯ ಹೆಸರಿಲ್ಲ, ಎಲ್ಸಿ ಮಿಸ್ ಹೆಸರೂ ಇಲ್ಲ.

ನಿಮಗೂ ಒಂದು ಮನೆ ಇದ್ದಿರುತ್ತದೆ, ಈಗ ಅದು ಇರುವುದಿಲ್ಲ. ಹಾಗಾಗಿ ಹೇಳುತ್ತೇನೆ, ಕೇಳಿ. ಆ ಲಾಬಿ ಇರುವ ಜಾಗದಲ್ಲಿ ಕೆಂಪು ಹೆಂಚಿನ ಒಂದು ಬಂಗಲೆ ಇತ್ತು. ಎಲ್ಸಿ ಮಿಸ್ ಅವರ ಅಪ್ಪ ಕಟ್ಟಿಸಿದ್ದು. ಪಿಯಾನೊ ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ವೈಟ್‌ಫೀಲ್ಡ್ ಸ್ಟೇಷನ್ನಿಗೆ ಬಂದಾಗ ಅದನ್ನು ಬಂಗಲೆಗೆ ತಂದಿದ್ದು ನಮ್ಮ ಮುತ್ತಾತನ ಎತ್ತಿನ ಗಾಡಿ. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗಲೆಲ್ಲ ಪೆಟ್ಟಿಗೆಯೊಳಗಿಂದ ಗುಂಯ್ ಎನ್ನುತ್ತಿತ್ತಂತೆ, ಎತ್ತುಗಳು ಬೆದರಿ ನಿಲ್ಲುತ್ತಿದ್ದವಂತೆ. ಮುಂದೆ ಮಿಸ್ ಕಡೆಯವರೆಲ್ಲ ಹಡಗು ಹತ್ತಿ ಹೋದರು. ಮದುವೆಯಾಗದ ಎಲ್ಸಿ ಮಿಸ್ ಒಬ್ಬರೇ ಉಳಿದು, ಬಂಗಲೆಯನ್ನು ನಮ್ಮ ತಾತನಿಗೆ ಮಾರಿದರು. ಸಾಯುವ ತನಕ ಪಕ್ಕದ ಕೋಣೆಯಲ್ಲಿ ತಾವಿರಬೇಕು, ಪಿಯಾನೊ ಹಾಲ್ ಬಿಟ್ಟು ಹೋಗಬಾರದು ಎಂದು ಮಾತು ತೆಗೆದುಕೊಂಡರು. ತಾತ ದೇವರ ಮನೆಯ ಮುಂದೆ ನಿಂತು ಮಾತು ಕೊಟ್ಟರು. ಹೀಗೆ ರಾಗಿ ಬೆಳೆಯುವ ನಮ್ಮ ಮನೆಯವರು ಗ್ರಾಂಡ್ ಪಿಯಾನೊ ಇರುವ ಹಾಲಿನಲ್ಲಿ ಸಂಸಾರ ಹೂಡಿದರು. ನೆಂಟರು ಬಂದವರು ನಗುತ್ತಿದ್ದರು. "ಮುದ್ದೆ ಮುರಿಯೋ ಕೈಗೆ ಇದೆಲ್ಲ ಯಾಕಮ್ಮ" ಎಂದು ನನ್ನ ಬೆರಳು ಹಿಡಿದು ನೋಡಿದ ದೊಡ್ಡಮ್ಮನ ಮುಖ ಈಗಲೂ ನೆನಪಿದೆ. ಮುದ್ದೆ ಮುರಿಯುವ ಕೈಗೇ ಬಲ ಇರುವುದು, ಆ ಪುಣ್ಯಾತ್ಗಿತ್ತಿಗೆ ಅದು ಎಲ್ಲಿ ಗೊತ್ತಾಗಬೇಕು.

ಬಂದ ಮೊದಲ ವರ್ಷದ ಆಯುಧಪೂಜೆಯ ಕತೆಯನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಮ್ಮಲ್ಲಿ ಹಬ್ಬದ ದಿನ ನೇಗಿಲು, ಗುದ್ದಲಿ, ಮಚ್ಚು, ಗಾಡಿ ಎಲ್ಲವನ್ನೂ ತೊಳೆದೇ ಪೂಜೆಗಿಡಬೇಕು. ಅಜ್ಜಿ ಬೆಳಿಗ್ಗೆ ಎದ್ದವರೇ ಒಂದು ಬಿಂದಿಗೆ ನೀರು, ಸೀಗೆಪುಡಿ, ತೆಂಗಿನ ನಾರು ತಗೊಂಡು ಪಿಯಾನೊ ತೊಳೆಯಲು ನಿಂತರಂತೆ. ಮುಚ್ಚಳ ಎತ್ತಿ ಬಿಂದಿಗೆ ಬಗ್ಗಿಸುವಷ್ಟರಲ್ಲಿ ಎಲ್ಸಿ ಮಿಸ್ ರಾತ್ರಿ ಉಡುಪಿನಲ್ಲೇ ಓಡಿ ಬಂದು ಅಜ್ಜಿಯ ಕೈಗೆ ಜೋತುಬಿದ್ದರಂತೆ.

"ಏ ಅಮ್ಮಾ! ಮೇಲೆ ನೀರ್ ಬೇಡ! ಸತ್ತೋಗ್ತಾಳೆ ಅವ್ಳು!"

"ಅಬ್ಬದ ದಿನ ತೊಳೀದೆ ಮಡಗಾಕಾಗ್ತದಾ ಎಲ್ಸಮ್ಮ? ನಿಮ್ ಪೆಟ್ಟಿಗೇನು ನಮ್ ನೇಗ್ಲಿಗಿಂತ ದೊಡ್ದಾ?"

ಕೊನೆಗೆ ಇಬ್ಬರೂ ರಾಜಿಯಾದರು. ಒಣ ಬಟ್ಟೆಯಲ್ಲಿ ಒರೆಸುವುದು, ಕುಂಕುಮ ಕಾಲಿಗೆ ಮಾತ್ರ. ಆದರೆ ಪಿಯಾನೊದ ಕಾಲುಗಳ ಕೆಳಗೆ ಹಿತ್ತಾಳೆ ಗಾಲಿಗಳಿದ್ದವಲ್ಲ, ಅದನ್ನು ಅಜ್ಜಿ ಬಿಡಲಿಲ್ಲ. ಗಾಲಿ ಇದ್ದ ಮೇಲೆ ನಿಂಬೆಹಣ್ಣು ಇಡಲೇಬೇಕು. ಪ್ರತಿ ವರ್ಷ ಗಾಲಿಗೊಂದು ನಿಂಬೆಹಣ್ಣು ಇಟ್ಟು, ಮನೆಮಂದಿಯೆಲ್ಲ ಹೆಗಲು ಕೊಟ್ಟು ಪಿಯಾನೊ ತಳ್ಳುತ್ತಿದ್ದೆವು. ಹಣ್ಣು ಪಚಕ್ಕನೆ ಒಡೆದಾಗ ನಾನೂ ಅಣ್ಣನೂ ಕೇಕೆ ಹಾಕುತ್ತಿದ್ದೆವು. ತಳ್ಳಿದ್ದಕ್ಕೆ ಶ್ರುತಿ ಕೆಡುತ್ತಿತ್ತು. ಮಾರನೆಯ ದಿನ ಎಲ್ಸಿ ಮಿಸ್ ಇಂಗ್ಲಿಷಿನಲ್ಲಿ ಬೈಯುತ್ತ, ತಂತಿಗಳ ಗೂಟ ತಿರುವುತ್ತ, ಸಂಜೆಯವರೆಗೂ ಅದನ್ನು ಸರಿಮಾಡುತ್ತಿದ್ದರು. ಮುಂದಿನ ವರ್ಷ ನಿಂಬೆಹಣ್ಣು ತರಿಸುತ್ತಿದ್ದವರೂ ಅವರೇ.

ನೀರಿನ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಬೇಸಗೆಯಲ್ಲಿ ಗಾಳಿ ಒಣಗಿದರೆ ಪಿಯಾನೊದ ಮರವೂ ಒಣಗುತ್ತದೆ, ತಂತಿಗಳ ಕೆಳಗಿನ ಹಲಗೆ ಸೀಳುತ್ತದೆ, ಒಮ್ಮೆ ಸೀಳಿದರೆ ಆಮೇಲೆ ಎಷ್ಟು ನೀರಿಟ್ಟರೂ ಅದು ಕೂಡುವುದಿಲ್ಲ ಎಂದು ಎಲ್ಸಿ ಮಿಸ್ ಅಜ್ಜಿಗೆ ತಿಳಿಸಿ ಹೇಳಿದರು. ಅದಕ್ಕೇ ಅವರ ಮನೆಯಲ್ಲಿ ಮೊದಲಿಂದಲೂ ಪಿಯಾನೊದ ಕೆಳಗೆ ಒಂದು ಬೋಗುಣಿ ನೀರು ಇಡುವ ರೂಢಿ. ಅಜ್ಜಿಗೆ ಇದು ಥಟ್ಟನೆ ಅರ್ಥವಾಯಿತು. ದನಕ್ಕೆ, ಗಿಡಕ್ಕೆ ಬಾಯಾರುವ ಹಾಗೆ ಇದಕ್ಕೂ ಬಾಯಾರುತ್ತದೆ. ಶಿವರಾತ್ರಿಯಿಂದ ಮೊದಲ ಮಳೆ ಬೀಳುವ ತನಕ, ದಿನಾ ಬೆಳಿಗ್ಗೆ ಹಿತ್ತಾಳೆ ಬೋಗುಣಿಯಲ್ಲಿ ಬಾವಿಯ ನೀರು ತುಂಬಿ, ಮೇಲೊಂದು ತುಂಬೆ ಹೂವು ಬಿಟ್ಟು, ಪಿಯಾನೊದ ಕೆಳಗೆ ತೂರಿಸುತ್ತಿದ್ದರು. ಹೂವು ಯಾಕೆ ಎಂದರೆ ಎಲ್ಸಿ ಮಿಸ್‌ಗೂ ಗೊತ್ತಿರಲಿಲ್ಲ. ಬರೀ ನೀರು ಕೊಡುವುದು ಮರ್ಯಾದೆಯಲ್ಲ ಎಂದು ಅಜ್ಜಿ ಹೇಳುತ್ತಿದ್ದರು.

ನುಡಿಸುವ ಸುಖವನ್ನು ಹೇಗೆ ಹೇಳಲಿ? ಬಾಗಲಗುಂಟೆಯ ನನ್ನ ಮನೆಯಲ್ಲಿ ಈಗ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಇದೆ. ಸ್ವಿಚ್ ಹಾಕಿದರೆ ಹಾಡುತ್ತದೆ, ನನ್ನ ಹಂಗು ಅದಕ್ಕಿಲ್ಲ. ಆ ಪಿಯಾನೊ ಹಾಗಿರಲಿಲ್ಲ. ಅದರ ಕಪ್ಪು ಬಿಳುಪಿನ ಪ್ರತಿ ಪಟ್ಟಿಗೂ ತೂಕವಿತ್ತು. ಬೆರಳಿನಿಂದ ಒತ್ತಿದರೆ ಸಾಲದು, ಹೆಗಲಿನಿಂದ ಭಾರ ಇಳಿದು ಬರಬೇಕು. ಆ ಭಾರವನ್ನು ಅದು ಮೊದಲು ತೆಗೆದುಕೊಂಡು, ತೂಗಿ ನೋಡಿ, ಆಮೇಲೆ ಸ್ವರವಾಗಿ ವಾಪಸ್ಸು ಕೊಡುತ್ತಿತ್ತು. ಮೆಲ್ಲಗೆ ಕೇಳಿದರೆ ಮೆಲ್ಲಗೆ, ಗದರಿದರೆ ಗದರಿಯೇ. ಬಲಗಾಲಿನ ಪೆಡಲು ಒತ್ತಿ ಹಿಡಿದರೆ ನಾನು ಮುಟ್ಟದ ತಂತಿಗಳೂ ಒಳಗೊಳಗೇ ಗುನುಗತೊಡಗುತ್ತಿದ್ದವು, ಹೆಂಚಿನ ಮಾಡಿನ ತನಕ ಹಾಲೆಲ್ಲ ತುಂಬುತ್ತಿತ್ತು, ನನ್ನ ಮೈಮೇಲಿನ ರೋಮ ನಿಲ್ಲುತ್ತಿತ್ತು. ಎಡಗಡೆಯ ಕಟ್ಟಕಡೆಯ ಪಟ್ಟಿ ಒತ್ತಿದರೆ ಕಿವಿಗಿಂತ ಮೊದಲು ಬರಿಗಾಲಿಗೆ ಕೇಳಿಸುತ್ತಿತ್ತು. ಶಾಲೆ ಬಿಟ್ಟು ಬಂದವಳು ಕೈಕಾಲು ತೊಳೆದು ಅದರ ಮುಂದೆ ಕೂತರೆ ಹಸಿವು ಮರೆಯುತ್ತಿತ್ತು. ಒಂದು ದಿನ ಅಜ್ಜಿ ರಾಗಿ ಬೀಸುವಾಗ ಹಾಡುವ ಪದವನ್ನು ಬಲಗೈಯಲ್ಲಿ ಹುಡುಕುತ್ತಿದ್ದೆ. ಎಲ್ಸಿ ಮಿಸ್ ಹಿಂದಿನಿಂದ ಬಂದು ನನ್ನ ಪಕ್ಕ ಕೂತು, ಕೆಳಗಿನ ಸ್ವರಗಳನ್ನು ಅದಕ್ಕೆ ಜೋಡಿಸಿದರು. ಬೀಸುಕಲ್ಲು ತಿರುಗಿದ ಹಾಗೇ ಇತ್ತು. ಅಜ್ಜಿ ಆಗಲೇ ಕಿವಿ ಮಂದವಾಗಿದ್ದವರು, ಅವರೆಕಾಯಿ ಮೊರ ಹಿಡಿದು ಪಿಯಾನೊದ ಕಾಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು.

"ಕೇಳಿಸ್ತದಾ ಅಜ್ಜಿ?" ಎಂದು ಕೂಗಿದೆ.

"ಬೆನ್ನಿಗೆ ಕೇಳಿಸ್ತದೆ ಕಣವ್ವ. ನಿಲ್ಲಿಸ್ಬೇಡ, ಅಂಗೇ ಓಗ್ಲಿ."

ಆಮೇಲೆ ದಿನಾ ಸಂಜೆ ಅದೇ ಅವರ ಜಾಗವಾಯಿತು. ಅಣ್ಣನೂ ಅಜ್ಜಿಯ ಪಕ್ಕ ಇನ್ನೊಂದು ಕಾಲಿಗೆ ಒರಗಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದ. ಎಲ್ಸಿ ಮಿಸ್ ತೀರಿಕೊಂಡ ಮೇಲೂ ಬೋಗುಣಿ ತಪ್ಪಲಿಲ್ಲ, ನಿಂಬೆಹಣ್ಣು ತಪ್ಪಲಿಲ್ಲ. ಹುಳ ಹಿಡಿಯದಂತೆ ಕರ್ಪೂರದ ಗಂಟು ಕಟ್ಟಿ ಒಳಗಿಡುತ್ತಿದ್ದವರೂ ಅಜ್ಜಿಯೇ. ನನ್ನ ಮದುವೆಯಾಗಿ ಪೀಣ್ಯದ ಕಡೆ ಹೊರಟಾಗ, ಪಟ್ಟಿಗಳ ಮೇಲೆ ಮುಚ್ಚುವ ಹಲಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗಿಟ್ಟರು. ಹಲಗೆಗೆ ಬೀಗ ಹಾಕಬೇಡ, ಬೀಗದ ಕೈ ಮಾತ್ರ ನಿನ್ನ ಹತ್ತಿರ ಇರಲಿ, ಆಗ ನೀನು ಬರುತ್ತಿರುತ್ತೀಯ ಎಂದರು. ಅವರಿರುವ ತನಕ ಹಬ್ಬ ಹುಣ್ಣಿಮೆಗೆ ಬರುತ್ತಲೇ ಇದ್ದೆ, ನುಡಿಸುತ್ತಲೇ ಇದ್ದೆ.

ಅಜ್ಜಿಯ ವರ್ಷಾಂತಿಕ ಮುಗಿಯುತ್ತಿದ್ದಂತೆ ಅಣ್ಣ ಬಿಲ್ಡರನ್ನು ಮನೆಗೆ ಕರೆತಂದ. ಜಾಗ ಕೊಟ್ಟ, ಬಂಗಲೆ ಕೆಡವಿದರು. ನಾನು ಅದಕ್ಕೂ ಬಾಯಿ ಮುಚ್ಚಿಕೊಂಡಿದ್ದೆ. ಸುತ್ತ ಕಂಪನಿಗಳು ಎದ್ದ ಮೇಲೆ ಬಂಗಲೆಯೊಂದು ಎಷ್ಟು ದಿನ ನಿಂತೀತು? ಆದರೆ ಪಿಯಾನೊವನ್ನು ಬಿಲ್ಡರಿಗೆ ಉಡುಗೊರೆ ಕೊಟ್ಟನಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯಿತು. ಲೇತ್ ಅಂಗಡಿಯ ಮೇಲಿರುವ ನನ್ನ ಮನೆಯ ಮೆಟ್ಟಿಲಲ್ಲಿ ಅದು ಹತ್ತುವುದಿಲ್ಲ, ನಿಜ. ಹಾಗಂತ ನುಡಿಸುವ ಒಂದು ಶಾಲೆಗೆ ಕೊಡಬಹುದಿತ್ತಲ್ಲ. ತಾತ ಮಾತು ಕೊಟ್ಟಿರಲಿಲ್ಲವೇ ಎಂದು ಫೋನಿನಲ್ಲಿ ಕಿರುಚಿದೆ.

"ಅಲ್ಲ ಕಣಮ್ಮ, ಮಾತೆಲ್ಲಿ ತಪ್ಪಿದೀವಿ?" ಎಂದ ನಮ್ಮಣ್ಣ. "ಹಾಲ್ ಇದ್ದ ಜಾಗಕ್ಕೇ ಕರೆಕ್ಟಾಗಿ ಲಾಬಿ ಬರ್ತದೆ. ಪ್ಲಾನ್ ಬೇಕಾದ್ರೆ ಕಳಿಸ್ತೀನಿ ನೋಡು. ಅದು ಎಲ್ಲೂ ಹೋಗಲ್ಲ."

ಎಂಥಾ ಬುದ್ಧಿವಂತಿಕೆ ನೋಡಿ! ಬಂಗಲೆ ಕೆಡವುವ ಮೊದಲು ಪಿಯಾನೊವನ್ನು ಬಿಲ್ಡರಿನ ಗೋದಾಮಿಗೆ ಸಾಗಿಸುವ ಹಿಂದಿನ ದಿನ ನಾನೇ ಹೋಗಿ ಹಲಗೆ ಮುಚ್ಚಿ ಬೀಗ ಹಾಕಿ, ಬೀಗದ ಕೈ ತಂದುಬಿಟ್ಟೆ. ಯಾರಾದರೂ ನುಡಿಸಬೇಕೆಂದರೆ ನನಗೇ ಫೋನ್ ಮಾಡಬೇಕು, ಆಗ ನೀರಿನ ವಿಷಯವನ್ನೂ ಹೇಳೋಣ ಎಂದು ಕಾದೆ. ವರ್ಷಗಳು ಹೋದವು. ಬೀಗದ ಕೈ ಎಲ್ಲಿ ಎಂದು ಒಬ್ಬನೇ ಒಬ್ಬ ಕೇಳಲಿಲ್ಲ. ಯಾರಿಗೂ ಅದನ್ನು ತೆರೆಯಬೇಕೆಂದೇ ಅನ್ನಿಸಿರಲಿಲ್ಲ. ಇದಕ್ಕಿಂತ ಅವಮಾನ ಇನ್ನೇನಿದೆ, ನೀವೇ ಹೇಳಿ.

ಆಯುಧಪೂಜೆಯ ಆ ಬೆಳಿಗ್ಗೆ ನಾನು ಹಗ್ಗ ದಾಟಿದೆ. ಹೊರಗೆ ಕಾರುಗಳಿಗೆಲ್ಲ ಹಾರ ಹಾಕಿದ್ದರು, ಜನರೇಟರಿಗೂ ಕುಂಕುಮ ಹಚ್ಚಿದ್ದರು. ಪಿಯಾನೊದ ಗಾಲಿಗಳ ಕೆಳಗೆ ರಬ್ಬರಿನ ಬಿಲ್ಲೆಗಳಿದ್ದವು. ಮೇಲಿನ ಏಸಿಯಿಂದ ತಣ್ಣನೆಯ ಒಣಗಾಳಿ ನೇರ ಅದರ ಮೇಲೇ ಬೀಳುತ್ತಿತ್ತು. ಸ್ಪೀಕರ್ ಪಕ್ಕಕ್ಕೆ ಸರಿಸಿ ನೋಡಿದರೆ, ತಂತಿಗಳ ಕೆಳಗಿನ ಹಲಗೆ ಉದ್ದಕ್ಕೆ ಸೀಳಿತ್ತು. ಕಟ್ಟಡದ ಮ್ಯಾನೇಜರ್ ಓಡಿ ಬಂದ.

"ಮೇಡಂ, ಪ್ಲೀಸ್, ಅದು ಶೋಗೆ ಇಟ್ಟಿರೋದು. ಲಾಕ್ ಆಗಿದೆ ಮೇಡಂ, ಕೀ ಕಳ್ದೋಗಿದೆ ಅಂತೆ."

"ಕಳ್ದೋಗಿದೆ ಅಂತ ನಿಂಗ್ಯಾರಪ್ಪ ಹೇಳಿದ್ದು?" ಎಂದು ನನ್ನ ಗೊಂಚಲಿನಿಂದ ಬೀಗದ ಕೈ ಬಿಡಿಸಿ ಬೀಗ ತೆಗೆದೆ.

ಪಟ್ಟಿಗಳ ಮೇಲಿನ ಹಲಗೆ ಎತ್ತಿ ನಿಂತೇ ನುಡಿಸಿದೆ. ಅಜ್ಜಿಯ ಬೀಸುವ ಪದ. ಕೆಲವು ಪಟ್ಟಿಗಳು ಒತ್ತಿದರೆ ಮೇಲೇಳಲಿಲ್ಲ, ಕೆಲವು ಮರದ ಸದ್ದು ಮಾಡಿದವು, ಉಳಿದವು ಒಂದಕ್ಕೊಂದು ಸೇರದೆ ಅತ್ತ ಇತ್ತ ಎಳೆದಾಡಿದವು. ಸ್ಪೀಕರ್ ತನ್ನ ಪಾಡಿಗೆ ಮಧುರವಾಗಿ ಹಾಡುತ್ತಲೇ ಇತ್ತು. ನಾಲ್ಕು ಜನ ನಿಂತು ಮುಖ ಕಿವಿಚಿದರು. ಅಷ್ಟರಲ್ಲಿ ಲಿಫ್ಟಿನಿಂದ ಇಳಿದ ಅಣ್ಣ ಹತ್ತಿರ ಬಂದು, "ಏನೇ ಇದು, ಎಲ್ರೂ ನೋಡ್ತಾವ್ರೆ, ಬಾ ಮೇಲೆ" ಎಂದು ನನ್ನ ತೋಳು ಹಿಡಿದ. ಅವನು ಹಿಡಿದಿದ್ದ ಹಾಗೇ ಎಡಗಡೆಯ ಕಟ್ಟಕಡೆಯ ಪಟ್ಟಿಯನ್ನು ಒತ್ತಿದೆ. ಅದೊಂದು ಬಂತು. ಸೀಳಿನ ಕರಕರ ಸದ್ದಿನ ಜೊತೆಗೇ, ನೆಲದಿಂದ ಎದ್ದು ಬಂತು. ಅಣ್ಣ ತೋಳು ಬಿಟ್ಟ. ಮ್ಯಾನೇಜರ್ ಸ್ಪೀಕರಿನ ಸದ್ದನ್ನು ಇನ್ನಷ್ಟು ಏರಿಸಿದ.

ಹೋಳಿಗೆ ಡಬ್ಬಿಯನ್ನು ಅಣ್ಣನ ಕೈಗಿಟ್ಟು, ಮೇಲಕ್ಕೂ ಹೋಗದೆ ಮೆಟ್ರೊ ಹತ್ತಿದೆ. ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ಬಂದೆ. ಯಾವುದಾದರೂ ಮಗು ತೆರೆದು ಬಡಿಯಲಿ, ಆ ಸ್ಪೀಕರಿಗಿಂತ ವಾಸಿ.

ಚಳಿ ಕಳೆದು ಬಿಸಿಲು ಏರತೊಡಗಿದ ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು. ಎಲ್ಲರ ಆರೋಗ್ಯ ವಿಚಾರಿಸಿದ, ಅತ್ತಿಗೆಯ ಮಂಡಿನೋವಿನ ಸುದ್ದಿ ಹೇಳಿದ. ಆಮೇಲೆ ಕೇಳಿದ:

"ಅಜ್ಜಿ ಅದರ ಕೆಳಗೆ ನೀರಿಡ್ತಿತ್ತಲ್ಲ, ಯಾವಾಗಿಂದ ಅದು? ಶಿವರಾತ್ರಿಗಾ, ಅದಕ್ಕೂ ಮುಂಚೆನಾ?"

ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೂ, "ಶಿವರಾತ್ರಿಯಿಂದ ಮೊದಲ ಮಳೆ ತನಕ. ಹಿತ್ತಾಳೆ ಬೋಗುಣಿ. ಮೇಲೊಂದು ತುಂಬೆ ಹೂವು" ಎಂದೆ.

"ತುಂಬೆ ಹೂವು ಈಗ ಇಲ್ಲೆಲ್ಲಿ ಸಿಗ್ತದಮ್ಮ" ಎಂದ. ಹಾಗೆಂದವನು, ಹುಡುಕ್ತೀನಿ ಬಿಡು ಎಂದೂ ತಾನೇ ಹೇಳಿದ.

ಸೀಳಿದ ಹಲಗೆ ನೀರಿಗೆ ಮತ್ತೆ ಕೂಡುವುದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ.