ನಲವತ್ತು ಗಜದ ಟ್ಯಾಕೆಟ್

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಆರಿಸಿಕೊಡುವ ಆರ್ವಿಲ್ ಟ್ಯಾಕೆಟ್‌ಗೆ ಮನುಷ್ಯನೆಂದರೆ ಅವನು ನಲವತ್ತು ಗಜ ಓಡಲು ತೆಗೆದುಕೊಳ್ಳುವ ಸಮಯ, ಅಷ್ಟೇ. ಒಹಾಯೊದ ಆ ಊರಿನಲ್ಲಿ ಅವನ ಸ್ಟಾಪ್‌ವಾಚಿಗೆ ಸಿಗದವರಿಲ್ಲ. ಕಾಫಿ ತರುವ ಹೆಂಗಸು ಸಿಕ್ಕಿದ್ದಾಳೆ, ಬೀದಿ ದಾಟುವ ಪಾದ್ರಿ ಸಿಕ್ಕಿದ್ದಾನೆ, ಒಮ್ಮೆ ಶವಪೆಟ್ಟಿಗೆ ಹೊತ್ತವರೂ ಸಿಕ್ಕಿದ್ದರು. "ನಾಲ್ಕೂವರೆ ಸೆಕೆಂಡಲ್ಲಿ ಓಡದವನು ಬೇಲಿಗೂಟ," ಎನ್ನುತ್ತಾನೆ. "ನಿನ್ನ ಜಿಂಕೆಗಳು ಚೆಂಡು ಬೀಳಿಸ್ತವೆ ಕಣೋ, ಹಿಡಿಯೋದು ನನ್ನ ಬೇಲಿಗೂಟಗಳೇ," ಎಂದು ಕೋಚ್ ಮರ್ಲ್ ಕೆಣಕಿದರೆ, "ಹಿಡಿಯೋದನ್ನ ನೀನು ಕಲಿಸು, ಕಾಲು ಕೊಡೋನು ದೇವರು," ಎಂದು ಬಾಯಿ ಮುಚ್ಚಿಸುತ್ತಾನೆ. ತಾನಾಗಿಯೇ ಸಮಯ ಅಳೆಯುವ ಯಂತ್ರದ ಗಡಿಯಾರವನ್ನು ಹತ್ತಿರ ಸೇರಿಸುವುದಿಲ್ಲ, ಸ್ಟಾಪ್‌ವಾಚಿನ ಗುಂಡಿಯನ್ನು ತನ್ನ ಹೆಬ್ಬೆರಳೇ ಒತ್ತಬೇಕು. ಈ ವರ್ಷ ಯಾರೂ ಅವನಿಗೆ ಹಿಡಿಸಲಿಲ್ಲ. "ಈಗಿನವರು ಕೂತು ತಿಂದು ಮಂದವಾಗಿದ್ದಾರೆ," ಎಂದು ಹನ್ನೊಂದು ಹೆಸರು ಹೊಡೆದುಹಾಕಿದ. ಅವನು ಹೆಸರು ಹೊಡೆದ ಹುಡುಗನನ್ನು ತಂಡ ತಿರುಗಿ ನೋಡುವುದಿಲ್ಲ. ಹೆಂಡತಿ ಡೆಲ್ಫಾ ಪಟ್ಟಿ ನೋಡಿದಳು. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವವಳು ಅವಳೇ. "ಹುಡುಗರು ನಿಧಾನ ಆಗಿಲ್ಲ, ಆರ್ವಿಲ್. ನಿನ್ನ ಹೆಬ್ಬೆರಳು ಆಗಿದೆ," ಎಂದಳು. ಅವನು ಪಟ್ಟಿಯನ್ನು ತನ್ನತ್ತ ಎಳೆದುಕೊಂಡ. ಆಮೇಲೆ ಹನ್ನೊಂದು ಹೆಸರನ್ನೂ ಮತ್ತೆ ಬರೆದ. ಅಕ್ಷರ ಓದುವಂತಿರಲಿಲ್ಲ, ಅವಳು ಬೇರೆ ಹಾಳೆ ತಂದು, ಅವನು ಒಂದೊಂದಾಗಿ ಹೇಳಿದಂತೆ ಬರೆದುಕೊಂಡಳು.