ಅಕ್ಕನ ಸೊಂಟನೋವಿನ ಮಾತ್ರೆ

ಅಕ್ಕನನ್ನು ಸಾತನೂರಿನ ಕಡೆಗೆ ಕೊಟ್ಟಿತ್ತು. ಗಂಡ ಹೆಂಡತಿ ಇಬ್ಬರೂ ರೇಷ್ಮೆಹುಳು ಸಾಕುತ್ತಿದ್ದರು. ಹುಳುಗಳು ದೊಡ್ಡವಾಗಿ ಎಡೆಬಿಡದೆ ಮೇಯುವ ಕೊನೆಯ ವಾರದಲ್ಲಂತೂ ಅವಳಿಗೆ ಸೊಂಟ ನೆಟ್ಟಗೆ ಮಾಡಲೂ ಬಿಡುವಿರುತ್ತಿರಲಿಲ್ಲ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ನೋವಿನ ಮಾತ್ರೆ ನುಂಗಿ ಸೊಪ್ಪು ಕೊಯ್ಯಲು ಹೊರಡುತ್ತಿದ್ದಳು, ಸಂಜೆ ಇನ್ನೊಂದು. ಮೆಡಿಕಲ್ ಸ್ಟೋರಿನಲ್ಲಿ ಯಾರೂ ಚೀಟಿ ಕೇಳುತ್ತಿರಲಿಲ್ಲ.

ಬಿ.ಪಿ. ಇದೆಯೆಂದು ಗೊತ್ತಾದ ಮೇಲೂ ಅದು ನಿಲ್ಲಲಿಲ್ಲ. ಬಿ.ಪಿ.ಗೆ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಅವಳು ಇದನ್ನು ಹೇಳಿರಲೂ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಸಿಗುವುದು ಅವಳ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳ ಪಾದ ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಅನ್ನ ಕಂಡರೆ ವಾಕರಿಕೆ. ನಾನೇ ಕನಕಪುರಕ್ಕೆ ಕರೆದೊಯ್ದೆ. ರಕ್ತದ ರಿಪೋರ್ಟ್ ನೋಡಿದ ಡಾಕ್ಟರಮ್ಮ, "ನೋವಿಗೆ ಏನಾದ್ರೂ ಮಾತ್ರೆ ತಗೋತಿದ್ರಾ?" ಎಂದರು.

"ಸೊಂಟಕ್ಕೆ ಒಸಿ ತಗತಿದ್ದೆ, ಮೇಡಮ್ಮೋರೆ."

"ಯಾವಾಗಿನಿಂದ?"

ಅಕ್ಕ ನನ್ನ ಮುಖ ನೋಡಿದಳು. "ಚಿಕ್ಕ ಮಗ್ಳು ಹುಟ್ಟಿದಾಗ್ನಿಂದ."

ಆ ಮಗಳಿಗೆ ಆಗಲೇ ಮದುವೆಯಾಗಿತ್ತು.

"ಅದು ಊಟ ಆದ್ಮೇಲೆ, ಒಂದೆರಡು ದಿನದ ಮಟ್ಟಿಗೆ ತಗೊಳ್ಳೋ ಮಾತ್ರೆ ಕಣಮ್ಮ. ಬಿ.ಪಿ. ಇರೋರಂತೂ ಡಾಕ್ಟರನ್ನ ಕೇಳ್ದೆ ಮುಟ್ಲೇಬಾರ್ದು. ಎರಡೂ ಕಿಡ್ನಿ ಹೋಗಿವೆ," ಎಂದರು.

ನನ್ನ ಕಿಡ್ನಿ ಕೊಡುತ್ತೇನೆಂದೆ. ನನಗೆ ಸಕ್ಕರೆ ಕಾಯಿಲೆಯಿದೆ, ಆಗುವುದಿಲ್ಲವೆಂದರು. ಹುಳುಮನೆಗೆ ಬೀಗ ಬಿತ್ತು. ಈಗ ವಾರಕ್ಕೆರಡು ಸಲ ಭಾವ ಅವಳನ್ನು ರಾಮನಗರಕ್ಕೆ ಡಯಾಲಿಸಿಸ್‌ಗೆ ಕರೆತರುತ್ತಾರೆ. ನನ್ನ ಮನೆ ಇಲ್ಲೇ ಆದ್ದರಿಂದ ಪಕ್ಕದಲ್ಲಿ ಕೂರಲು ನಾನು ಹೋಗುತ್ತೇನೆ. ಕುಡಿಯುವ ನೀರೂ ಅಳತೆಯದು. ಬಾಯಾರಿದಾಗ ತುಟಿ ಒದ್ದೆ ಮಾಡಿಕೊಂಡು ಸುಮ್ಮನಾಗುತ್ತಾಳೆ.

ಮೊನ್ನೆ ಯಂತ್ರಕ್ಕೆ ಹಾಕಿದ ಮೇಲೆ ಮೆಲ್ಲಗೆ ಕರೆದಳು. "ಅಮ್ಮಿ, ಕಿಡ್ನಿ ಹೋಯ್ತಲ್ಲ, ಈ ಸೊಂಟನೋವಾದ್ರೂ ಹೋಗ್ಬಾರ್ದಾ? ಆ ಮಾತ್ರೆ ಒಂದು ತಂದ್ಕೊಡೇ."

"ಬ್ಯಾಡ ಅಂದವ್ರೆ ಕಣಕ್ಕ."

"ಕೆಡಕ್ಕೆ ಇನ್ನೇನು ಉಳ್ದೈತೆ?"

ನಾನು ಎದ್ದು ಹೋಗಿ ನರ್ಸನ್ನು ಕೇಳಿದೆ. ಡಾಕ್ಟರು ಬರೆದಿಟ್ಟಿದ್ದ ಬೇರೊಂದು ಮಾತ್ರೆ ಕೊಟ್ಟಳು. ಅಕ್ಕನ ನೋವಿಗೆ ಅದು ನಾಟುವುದೇ ಇಲ್ಲ. ಸೂಜಿ ಚುಚ್ಚಿದ ಕೈ ಅಲುಗಿಸದೆ ಅವಳು ಹಲ್ಲು ಕಚ್ಚಿ ಮಲಗಿದ್ದಳು. ನಾನು ಅವಳ ಸೊಂಟದಡಿಗೆ ಕೈ ಕೊಟ್ಟು, ಯಂತ್ರ ನಿಲ್ಲುವವರೆಗೂ ಹಾಗೇ ಕೂತಿದ್ದೆ.